ಯಾವ ಫ್ಲೈಬಾರ್‌ಲೆಸ್ ಯೂನಿಟ್ ತಗೊಳ್ಳಲಿ ಅಂತ ಕೇಳುವವರಿಗೆ

ಈ ತಿಂಗಳು ಇದು ಮೂರನೇ ಮೆಸೇಜು. "450 ಹೆಲಿಗೆ ಯಾವ ಫ್ಲೈಬಾರ್‌ಲೆಸ್ ಯೂನಿಟ್ ಬೆಸ್ಟು?" ಅಂದರೆ 450 ಸೈಜಿನ ರಿಮೋಟ್ ಹೆಲಿಕಾಪ್ಟರನ್ನು ಗಾಳಿಯಲ್ಲಿ ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಡಬ್ಬಿ ಯಾವುದು ಒಳ್ಳೆಯದು ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಉತ್ತರ ಮೊದಲೇ ಹೇಳುತ್ತೇನೆ. ನೀವು ಹಾರಿಸುವ ಮೈದಾನದಲ್ಲಿ ಪಕ್ಕದವರ ಹೆಲಿಯಲ್ಲಿ ಯಾವುದು ಇದೆಯೋ ಅದನ್ನೇ ತಗೊಳ್ಳಿ. ಒಬ್ಬರೇ ಹಾರಿಸುವವರಾದರೆ ನಿಮ್ಮ ರೇಡಿಯೊ (ಕೈಯಲ್ಲಿ ಹಿಡಿಯುವ ರಿಮೋಟ್) ಜೊತೆ ಚೆನ್ನಾಗಿ ಹೊಂದುವುದನ್ನು ತಗೊಳ್ಳಿ. ತಮಾಷೆ ಮಾಡುತ್ತಿಲ್ಲ. ಯಾಕೆ ಅಂತ ಹೇಳುವ ಮುಂಚೆ ಈ ಡಬ್ಬಿ ಮಾಡುವ ಕೆಲಸ ಏನು ಅಂತ ನೋಡೋಣ.

ಹಳೆಯ ಹೆಲಿಗಳ ತಲೆಯಲ್ಲಿ ಬ್ಲೇಡಿಗೆ ಅಡ್ಡವಾಗಿ ಒಂದು ಸರಳು ಇರುತ್ತಿತ್ತು, ಎರಡೂ ತುದಿಗೆ ಪುಟ್ಟ ಪ್ಯಾಡಲ್. ಅದೇ ಫ್ಲೈಬಾರ್. ದೊಡ್ಡ ಹೆಲಿಕಾಪ್ಟರುಗಳಲ್ಲಿ ಬೆಲ್ ಕಂಪನಿಗೆ ಆರ್ಥರ್ ಯಂಗ್ ತೂಕದ ಸರಳು ಮಾಡಿಕೊಟ್ಟರು, ಸ್ಟ್ಯಾನ್ಲಿ ಹಿಲ್ಲರ್ ಪ್ಯಾಡಲ್ ತಂದರು. ನಮ್ಮ ಮಾಡೆಲುಗಳಲ್ಲಿ ಎರಡನ್ನೂ ಸೇರಿಸಿ ಬೆಲ್-ಹಿಲ್ಲರ್ ಮಿಕ್ಸಿಂಗ್ ಅಂದರು. ಆ ಸರಳು ಸುತ್ತುತ್ತಾ ತಾನೇ ಒಂದು ಜೈರೊ ಥರ ಕೆಲಸ ಮಾಡುತ್ತಿತ್ತು. ಆದರೆ ಗಾಳಿಯನ್ನು ಸೀಳಿಕೊಂಡು ತಿರುಗಬೇಕಲ್ಲ, ಮೋಟಾರಿನ ಶಕ್ತಿ ಅದಕ್ಕೂ ಹೋಗುತ್ತಿತ್ತು. ಜೊತೆಗೆ ಒಂದು ರಾಶಿ ಲಿಂಕು, ಬಾಲು, ಬೇರಿಂಗು.

ಈಗ ಸರಳು ಹೋಗಿದೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಬಂದಿದೆ. ಒಳಗೆ ಮೂರು ದಿಕ್ಕಿನ ಜೈರೊ, ಅಂದರೆ ಹೆಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್. ಇಲ್ಲಿ ಒಂದು ವಿಷಯ ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ಕಷ್ಟ. ಸ್ಟಿಕ್ ತಳ್ಳಿದಾಗ ನೀವು ಸ್ವಾಶ್‌ಪ್ಲೇಟನ್ನು (ಬ್ಲೇಡುಗಳ ಕೋನ ಬದಲಿಸುವ, ತಲೆಯ ಕೆಳಗಿನ ತಟ್ಟೆ) ಬಾಗಿಸುತ್ತಿಲ್ಲ. "ಸೆಕೆಂಡಿಗೆ ಇಷ್ಟು ಡಿಗ್ರಿ ತಿರುಗು" ಅಂತ ಡಬ್ಬಿಗೆ ಹೇಳುತ್ತಿದ್ದೀರಿ. ಸ್ವಾಶ್ ಎಷ್ಟು ಬಾಗಬೇಕು ಅನ್ನುವುದು ಅದರ ತಲೆನೋವು.

ಇದು ಗೊತ್ತಿಲ್ಲದೆ ನಾನು ಕೈ ಸುಟ್ಟುಕೊಂಡೆ. ಮೊದಲ ಫ್ಲೈಬಾರ್‌ಲೆಸ್ ಹೆಲಿಯನ್ನು ನೆಲದ ಮೇಲಿಟ್ಟು ಬ್ಲೇಡ್ ಸುತ್ತಿಸಿದೆ. ಸ್ವಾಶ್ ಒಂಚೂರು ಎಡಕ್ಕೆ ವಾಲಿದ ಹಾಗೆ ಕಂಡಿತು. ಹಳೇ ಅಭ್ಯಾಸ, ಬಲಕ್ಕೆ ಸ್ಟಿಕ್ ಕೊಟ್ಟೆ. ಹೆಲಿ ನೆಲದಲ್ಲಿ ಕೂತಿದೆ, ಹೇಗೆ ತಿರುಗೀತು? ಹೇಳಿದಷ್ಟು ತಿರುಗಲಿಲ್ಲ ಅಂತ ಡಬ್ಬಿ ಸ್ವಾಶನ್ನು ಇನ್ನೂ ಬಲಕ್ಕೆ ಬಾಗಿಸಿತು. ನಾನು ಗಾಬರಿಯಲ್ಲಿ ಥ್ರಾಟಲ್ ಏರಿಸಿದೆ. ಹೆಲಿ ಬಲಕ್ಕೆ ಮಗುಚಿಕೊಂಡಿತು. ಎರಡು ಬ್ಲೇಡ್, ಮೇನ್ ಶಾಫ್ಟ್, ಸ್ಪಿಂಡಲ್, ಒಂದು ಸ್ಕಿಡ್ ಹೋಯಿತು. ಹಾರಿದ್ದು ಸೊನ್ನೆ ಅಡಿ! ಒಂದು ವಾರ ಡಬ್ಬಿಯನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ.

ಇದೇ ಕಾರಣಕ್ಕೆ ಹಾರುವಾಗ ರೇಡಿಯೊದ ಟ್ರಿಮ್ (ಹೆಲಿ ಒಂದು ಕಡೆ ವಾಲದಂತೆ ಸ್ಟಿಕ್ಕಿನ ಮಧ್ಯಬಿಂದು ಸರಿಸುವ ಬಟನ್ನು) ಮುಟ್ಟಬಾರದು. ಡಬ್ಬಿಗೆ ಅದು ಟ್ರಿಮ್ ಅಲ್ಲ, "ಸದಾ ಸ್ವಲ್ಪ ತಿರುಗುತ್ತಿರು" ಅನ್ನುವ ಆಜ್ಞೆ. ರೇಡಿಯೊದಲ್ಲಿ ಸ್ವಾಶ್ ಬಾಗಿಸುವ ಮೂರು ಸರ್ವೋಗಳನ್ನು (ಪುಟ್ಟ ಮೋಟಾರು) ಹೊಂದಿಸುವ 120 ಡಿಗ್ರಿ ಸ್ವಾಶ್ ಮಿಕ್ಸ್ ಕೂಡ ಇರಬಾರದು, ಅದನ್ನು ಡಬ್ಬಿಯೇ ಮಾಡುತ್ತದೆ. ಎರಡೂ ಕಡೆ ಮಿಕ್ಸ್ ಇಟ್ಟು "ಸರ್ವೋ ಹುಚ್ಚುಹುಚ್ಚಾಗಿ ಆಡ್ತಿದೆ" ಅಂತ ಫೋನ್ ಮಾಡಿದವರು ಎಷ್ಟು ಜನ!

ಸರಿ, ಆಯ್ಕೆಗೆ ಬರೋಣ. ಹೆಸರಿರುವ ಯೂನಿಟ್‌ಗಳ ಜೈರೊ ಈಗ ಎಲ್ಲವೂ ಚೆನ್ನಾಗಿಯೇ ಇವೆ. ನೀವು, ನಾನು ಹಾರಿಸುವ ಮಟ್ಟದಲ್ಲಿ ಗಾಳಿಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ವ್ಯತ್ಯಾಸ ಇರುವುದು ಟೇಬಲ್ ಮೇಲೆ, ಸೆಟಪ್ ಮಾಡುವ ರೀತಿಯಲ್ಲಿ. ಜರ್ಮನಿಯ ಮೈಕ್ರೊಬೀಸ್ಟ್ ನೋಡಿ. ಒಂದು ಬಟನ್ನು, ಸಾಲಾಗಿ ಅಕ್ಷರಗಳು, ಬಣ್ಣ ಬದಲಿಸುವ ಒಂದು ದೀಪ. ಕಂಪ್ಯೂಟರ್ ಬೇಡ, ಮೈದಾನದಲ್ಲೇ ಕೂತು ಮುಗಿಸಬಹುದು. ಆದರೆ ನೇರಳೆ ಅಂದರೆ ಏನು, ಮಿನುಗುವ ಕೆಂಪು ಅಂದರೆ ಏನು ಅಂತ ಆರು ತಿಂಗಳು ಬಿಟ್ಟು ನೆನಪಿರುತ್ತದಾ? ನನಗಂತೂ ಇಲ್ಲ. ಮ್ಯಾನ್ಯುಯಲ್ ಪ್ರಿಂಟ್ ತೆಗೆದು ಫೀಲ್ಡ್ ಬಾಕ್ಸಿನಲ್ಲಿ ಇಟ್ಟಿದ್ದೆ. ಚೆಕ್ ಗಣರಾಜ್ಯದ ಸ್ಪಿರಿಟ್‌ನಲ್ಲಿ ಕಂಪ್ಯೂಟರ್ ಸಾಫ್ಟ್‌ವೇರ್ ಇದೆ, ಎಲ್ಲ ಕಣ್ಣಿಗೆ ಕಾಣುತ್ತದೆ, ಹೊಸಬರಿಗೆ ಸುಲಭ. ಮಿಕಾಡೊದ ವಿಬಾರ್ ನಿಯೋ ತಗೊಂಡು ಅವರದೇ ವಿಬಾರ್ ಕಂಟ್ರೋಲ್ ರೇಡಿಯೊ ಹಿಡಿದರೆ ಎಲ್ಲವೂ ರೇಡಿಯೊ ಪರದೆಯ ಮೇಲೇ ಬರುತ್ತದೆ. ಅಷ್ಟು ನೀಟಾದ ಸೆಟಪ್ ನಾನು ಬೇರೆ ನೋಡಿಲ್ಲ. ಆದರೆ ಅಲ್ಲಿಗೆ ನೀವು ಒಂದೇ ಮನೆಯ ಅಳಿಯ ಆದ ಹಾಗೆ.

ಇನ್ನು ರೋಟರ್‌ಫ್ಲೈಟ್. ಡ್ರೋನಿನವರ ಬೀಟಾಫ್ಲೈಟ್‌ನಿಂದ ಬೆಳೆದ ಫರ್ಮ್‌ವೇರ್ (ಡಬ್ಬಿಯೊಳಗೆ ಓಡುವ ಸಾಫ್ಟ್‌ವೇರ್), ಪುಕ್ಕಟೆ, ಓಪನ್ ಸೋರ್ಸ್. ಎಡ್ಜ್‌ಟಿಎಕ್ಸ್ ಅಥವಾ ಈಥೋಸ್ ಸಾಫ್ಟ್‌ವೇರಿನ ರೇಡಿಯೊ ಇದ್ದರೆ ಲೂವಾ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮು) ಹಾಕಿ ರೇಡಿಯೊದಲ್ಲೇ ಸೆಟ್ಟಿಂಗ್ ಬದಲಿಸಬಹುದು. ಬ್ಲ್ಯಾಕ್‌ಬಾಕ್ಸ್ ಲಾಗ್, ಅಂದರೆ ಹಾರಾಟದ ದಾಖಲೆ ಸಿಗುತ್ತದೆ. ನನಗೆ ತುಂಬಾ ಇಷ್ಟ, ಈಗ ನನ್ನ ಹೆಲಿಯಲ್ಲಿ ಇರುವುದೂ ಅದೇ. ಆದರೆ ಇದುವರೆಗೆ ಒಂದು ಡ್ರೋನ್ ಬೋರ್ಡಿಗೂ ಫರ್ಮ್‌ವೇರ್ ತುಂಬಿಲ್ಲ ಅನ್ನುವವರು ಮೊದಲ ಹೆಲಿಗೆ ಇದನ್ನು ತಗೊಳ್ಳಬೇಡಿ. ಹಾರಿಸುವುದನ್ನೂ ಕಲಿಯಬೇಕು, ಇದನ್ನೂ ಕಲಿಯಬೇಕು ಅಂದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ರೆಸ್ಕ್ಯೂ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಸ್ವಿಚ್ ಒತ್ತಿದರೆ ಹೆಲಿ ತಾನೇ ನೆಟ್ಟಗಾಗಿ ಮೇಲೇರುತ್ತದೆ. ಮೊದಲು ಇದನ್ನು ನೋಡಿ ನಗುತ್ತಿದ್ದೆ, ಮೂರು ಸಲ ನನ್ನನ್ನೇ ಉಳಿಸಿದ ಮೇಲೆ ಬಾಯಿ ಮುಚ್ಚಿದೆ. ಇರಲಿ, ತಗೊಳ್ಳಿ. ಆದರೆ ಅದಕ್ಕೆ ಮರ ಗೊತ್ತಿಲ್ಲ, ಕಂಬ ಗೊತ್ತಿಲ್ಲ. ಮೊದಲ ಸಲ ಒತ್ತುವುದು ಚೆನ್ನಾಗಿ ಎತ್ತರದಲ್ಲಿ ಇರುವಾಗ ಆಗಲಿ.

ಡಬ್ಬಿಯಲ್ಲಿ ಉಳಿಸಿದ ದುಡ್ಡನ್ನು ಬಿಇಸಿಗೆ ಹಾಕಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ಡಬ್ಬಿಗೂ ಸರ್ವೋಗಳಿಗೂ ಕೊಡುವ ಭಾಗಕ್ಕೆ. ನಾಲ್ಕೂ ಸರ್ವೋ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದರೆ ಡಬ್ಬಿ ರೀಬೂಟ್ ಆಗುತ್ತದೆ. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಹೆಲಿ ನೆಲದಲ್ಲಿರುತ್ತದೆ. ಬಾಲದ ಸರ್ವೋ 1520 ಮೈಕ್ರೊಸೆಕೆಂಡ್ ಸಿಗ್ನಲ್ಲಿನದೋ 760ರದೋ ಅಂತ ನೋಡಿ ಡಬ್ಬಿಯ ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಿ. ಹಳೇ ಥರದ ಅನಲಾಗ್ ಸರ್ವೋಗೆ 333 ಹರ್ಟ್ಸ್, ಅಂದರೆ ಸೆಕೆಂಡಿಗೆ 333 ಸಲ ಸಿಗ್ನಲ್ ಕೊಟ್ಟರೆ ಸುಟ್ಟ ವಾಸನೆ ಬರುತ್ತದೆ, ಅಷ್ಟೇ.

ಯಾವ ಡಬ್ಬಿಯೇ ಇರಲಿ, ಮೊದಲ ಹಾರಾಟಕ್ಕೆ ಮುಂಚೆ ಇದೊಂದು ಮಾಡಿ. ಮೋಟಾರ್ ವೈರ್ ಬಿಚ್ಚಿ. ಹೆಲಿಯನ್ನು ಕೈಯಲ್ಲಿ ಹಿಡಿದು ಮೂಗನ್ನು ಕೆಳಗೆ ಬಾಗಿಸಿ. ಸ್ವಾಶ್ ಹಿಂದಕ್ಕೆ ಬಾಗಬೇಕು, ನೆಲಕ್ಕೆ ಸಮನಾಗಿ ಉಳಿಯಲು ನೋಡಬೇಕು. ಎಡಕ್ಕೆ ವಾಲಿಸಿದರೆ ಅದು ಬಲಕ್ಕೆ. ಆಮೇಲೆ ಬಾಲ. ರಡ್ಡರ್ ಸ್ಟಿಕ್ (ಮೂಗು ತಿರುಗಿಸುವ ಸ್ಟಿಕ್) ಬಲಕ್ಕೆ ಕೊಟ್ಟಾಗ ಸ್ಲೈಡರ್ (ಬಾಲದ ಬ್ಲೇಡಿನ ಕೋನ ಬದಲಿಸುವ ಭಾಗ) ಯಾವ ಕಡೆ ಹೋಯಿತು ನೋಡಿಕೊಳ್ಳಿ. ಮೂಗನ್ನು ಕೈಯಿಂದ ಎಡಕ್ಕೆ ತಿರುಗಿಸಿದಾಗಲೂ ಅದೇ ಕಡೆ ಹೋಗಬೇಕು. ನನ್ನ ಗೆಳೆಯ ಒಬ್ಬ ಇದನ್ನು ಬಿಟ್ಟ. ಹೆಲಿ ನೆಲ ಬಿಟ್ಟ ಕ್ಷಣ ಬುಗುರಿ ಥರ ಸುತ್ತಿತು. ನೋಡಲು ಚೆಂದವಾಗಿತ್ತು, ಅವನ ಮುಖ ಬಿಟ್ಟು.

ಯಾಕೆ ಪಕ್ಕದವರದ್ದೇ ತಗೊಳ್ಳಿ ಅಂದೆ ಗೊತ್ತಾ? ನನ್ನ ಒಂದು ಹೆಲಿಯ ಬಾಲ ಸಣ್ಣಗೆ ನಡುಗುತ್ತಿತ್ತು. ಗೇನ್ (ಡಬ್ಬಿ ಎಷ್ಟು ಬಿರುಸಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್) ಇಳಿಸಿದೆ, ಏರಿಸಿದೆ. ಡಬ್ಬಿಯ ಕೆಳಗಿನ ಡಬಲ್ ಟೇಪ್ ಬದಲಿಸಿದೆ. ಕೊನೆಗೆ ಡಬ್ಬಿಯನ್ನೇ ಬದಲಿಸಿದೆ, ಹೊಸದು, ದುಬಾರಿ. ಅದೇ ನಡುಕ. ಒಂದು ಭಾನುವಾರ ಮೈದಾನದಲ್ಲಿ ಹಿರಿಯರೊಬ್ಬರು ತಮ್ಮ ಹೆಲಿಯಲ್ಲೂ ನಾನು ತೆಗೆದಿಟ್ಟ ಹಳೇ ಯೂನಿಟ್ಟೇ ಇದೆ ಅಂದರು. ಅವರ ಗೇನ್ ನಂಬರು ನೋಡಿದರೆ ನನ್ನದಕ್ಕಿಂತ ಎಷ್ಟೋ ಜಾಸ್ತಿ, ಆದರೂ ಬಾಲ ಕಲ್ಲಿನ ಹಾಗೆ ನಿಂತಿತ್ತು. "ಹಾಗಾದ್ರೆ ಡಬ್ಬಿದು ತಪ್ಪಲ್ಲ ಬಿಡಿ" ಅಂತ ಅವರು ನನ್ನ ಬಾಲದ ಬ್ಲೇಡ್ ತೆಗೆದು ಶಾಫ್ಟನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಕರಕರ ಅಂತ ಮರಳು ತುಂಬಿದ ಹಾಗೆ ತಾಗಿತು. ಕಡ್ಲೆಕಾಳಿನಷ್ಟು ಒಂದು ಬೇರಿಂಗು! ಬದಲಿಸಿದೆ, ಹಳೇ ಡಬ್ಬಿಯನ್ನೇ ವಾಪಸ್ ಹಾಕಿದೆ, ನಡುಕ ಮಾಯ.

ಹೊಸ ಡಬ್ಬಿ ಇನ್ನೂ ಡ್ರಾಯರಿನಲ್ಲಿದೆ, ಯಾರಿಗಾದರೂ ಬೇಕಾದರೆ ಕೇಳಿ. ಯೂನಿಟ್ ಯಾವುದು ಅಂತ ಕೇಳುವವರು ನಿಮ್ಮ ರೇಡಿಯೊ ಯಾವುದು, ಜೊತೆಗೆ ಹಾರಿಸುವವರು ಯಾವ ಯೂನಿಟ್ ಇಟ್ಟಿದ್ದಾರೆ, ಎರಡೂ ಬರೆದು ಕೇಳಿ. ಬರೀ "ಬೆಸ್ಟ್ ಯಾವುದು" ಅಂದರೆ ಇನ್ನು ಮೇಲೆ ಈ ಪೋಸ್ಟಿನ ಲಿಂಕೇ ಕಳಿಸುವುದು.