ಸಹಿ ಮೊದಲು, ಕೆಲಸ ಆಮೇಲೆ

ರಾಜಕೀಯ ಪಕ್ಷಗಳ ಪ್ರಣಾಳಿಕೆ ಕಂಡರೆ ಉರಿದು ಬೀಳುವವರು ಒಮ್ಮೆ ಕಲಾವಿದರ ಪ್ರಣಾಳಿಕೆ ಓದಬೇಕು. ಪಕ್ಷದವರು ಪಾಪ, ಅಕ್ಕಿ ಕೊಡ್ತೀವಿ, ಬಸ್ಸು ಬಿಡ್ತೀವಿ ಅಂತ ಬರೆದು ಸಿಕ್ಕಿಹಾಕಿಕೊಳ್ಳುತ್ತಾರೆ. ಐದು ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿಕೊಂಡು "ಎಲ್ಲಪ್ಪಾ ಅದು?" ಅಂತ ಕೇಳಿಯೇ ಕೇಳುತ್ತಾಳೆ. ಕಲಾವಿದರಿಗೆ ಆ ಕಾಟವಿಲ್ಲ. ಮ್ಯೂಸಿಯಂ ನಾಶ ಮಾಡ್ತೀವಿ ಅಂತ ಬರೆದವರನ್ನು ಹಿಡಿದು "ಯಾವ ತಾರೀಕಿಗೆ ಸ್ವಾಮಿ?" ಅಂತ ಕೇಳಿದ ಅಜ್ಜಿ ಯಾವ ದೇಶದಲ್ಲೂ ಇಲ್ಲ.

ಹಾಗೆ ಬರೆದವರು ಇಟಲಿಯ ಕವಿ, ಭವಿಷ್ಯವಾದ (ಫ್ಯೂಚರಿಸಂ) ಅನ್ನುವ ಕಲಾಪಂಥ ಶುರು ಮಾಡಿದ ಮರಿನೆಟ್ಟಿ ಸಾಹೇಬರು. 1909ರ ಫೆಬ್ರುವರಿ 20ರಂದು ಪ್ಯಾರಿಸ್‌ನ 'ಲ ಫಿಗಾರೊ' ಪತ್ರಿಕೆಯ ಮುಖಪುಟದಲ್ಲೇ ಅಚ್ಚಾಯಿತು. ಒಟ್ಟು 11 ಅಂಶ. ಯುದ್ಧಕ್ಕೆ ಜೈ. ಓಡುವ ಕಾರು ಗ್ರೀಕರ ಶಿಲ್ಪಕ್ಕಿಂತ ಚೆಂದ. ಮ್ಯೂಸಿಯಂ, ಲೈಬ್ರರಿ, ಎಲ್ಲ ಬಗೆಯ ಅಕಾಡೆಮಿಗಳು, ಎಲ್ಲ ನಾಶವಾಗಬೇಕು. ಇಷ್ಟೆಲ್ಲ ಹೊಳೆದದ್ದು ಹೇಗೆ ಅಂತ ಪೀಠಿಕೆಯಲ್ಲಿ ಅವರೇ ಹೇಳಿದ್ದಾರೆ. ಜೋರಾಗಿ ಕಾರು ಓಡಿಸುತ್ತಿದ್ದಾಗ ಇಬ್ಬರು ಸೈಕಲ್ಲಿನವರು ಅಡ್ಡ ಬಂದರು. ಕಾರು ಹಳ್ಳಕ್ಕೆ ಬಿತ್ತು. ಕೆಸರು ಮೆತ್ತಿಕೊಂಡು ಎದ್ದರು, ಘೋಷಣೆ ಶುರು. ನಮ್ಮಲ್ಲಾದರೆ ಇನ್ಶೂರೆನ್ಸ್ ಕ್ಲೇಮ್ ಬರೆಯುತ್ತಿದ್ದರು.

"ನಮ್ಮಲ್ಲಿ ಅತಿ ಹಿರಿಯನಿಗೆ ಮೂವತ್ತು" ಅಂತ ಬರೆದಾಗ ಸಾಹೇಬರಿಗೇ ಮೂವತ್ತೆರಡು ತುಂಬಿತ್ತು. ಅದೂ ಹೋಗಲಿ. ನಲವತ್ತಾದಾಗ ಹುಡುಗರು ಬಂದು ನಮ್ಮನ್ನು ಕಸದ ಬುಟ್ಟಿಗೆ ಹಾಕಲಿ ಅಂತ ಧಾರಾಳವಾಗಿ ಆಹ್ವಾನ ಬೇರೆ ಕೊಟ್ಟಿದ್ದರು. ನಲವತ್ತು ಬಂತು, ಹೋಯಿತು. ಯಾರೂ ಹಾಕಲಿಲ್ಲ, ಇವರೂ ಬೀಳಲಿಲ್ಲ. 1929ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ಮುಸೊಲಿನಿಯ ಕೃಪೆಯಿಂದ ಇಟಲಿಯ ರಾಯಲ್ ಅಕಾಡೆಮಿಗೆ ಸದಸ್ಯರಾದರು. ಹೌದು, ಎಲ್ಲ ಬಗೆಯ ಅಕಾಡೆಮಿ ಅಂತ ಬರೆದಿದ್ದರಲ್ಲ, ಅದರೊಳಗೇ. ಮರುವರ್ಷ ಅಡುಗೆಗೂ ಒಂದು ಪ್ರಣಾಳಿಕೆ ಬಂತು. ಪಾಸ್ತಾ ತಿಂದು ತಿಂದು ಇಟಲಿಯವರು ಸೋಮಾರಿಗಳಾಗಿದ್ದಾರೆ, ಇನ್ನು ಪಾಸ್ತಾ ಬಂದ್! ಸ್ವಲ್ಪ ದಿನಕ್ಕೆ ಸಾಹೇಬರೇ ಸ್ಪಾಗೆಟ್ಟಿ ಎಳೆದುಕೊಳ್ಳುತ್ತಿರುವ ಫೋಟೋ ಊರೆಲ್ಲ ಓಡಾಡಿತು. ಅದು ಕತ್ತರಿಸಿ ಅಂಟಿಸಿದ ಫೋಟೋ ಅಂತ ಸಮಜಾಯಿಷಿಯೂ ಬಂತು. ಇಷ್ಟರ ಮಟ್ಟಿಗೆ ಅವರು ನಿಜಕ್ಕೂ ಭವಿಷ್ಯವಾದಿ, ಒಪ್ಪಲೇಬೇಕು.

ಈ ಸಾಲಿನಲ್ಲಿ ಮರ್ಯಾದಸ್ತ ಅಂದರೆ, ಕಲೆಯನ್ನೇ ಗೇಲಿ ಮಾಡುತ್ತಿದ್ದ ಡಾಡಾ ಗುಂಪಿನ ಕವಿ ಟ್ರಿಸ್ಟಾನ್ ತ್ಸಾರಾ. 1918ರ ಪ್ರಣಾಳಿಕೆಯಲ್ಲೇ, ತತ್ವದ ಮಟ್ಟಿಗೆ ನಾನು ಪ್ರಣಾಳಿಕೆಗಳ ವಿರೋಧಿ, ಹಾಗೆ ನೋಡಿದರೆ ತತ್ವಗಳಿಗೂ ವಿರೋಧಿ ಅಂತ ಬರೆದುಬಿಟ್ಟರು. ಮುರಿಯುವುದಕ್ಕೆ ಏನೂ ಉಳಿಸಲಿಲ್ಲ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 1962ರಲ್ಲಿ ಗುಜರಾತಿನ ಭಾವನಗರದ ಒಂದು ಮನೆಯಲ್ಲಿ ಕಲಾವಿದರು ಸೇರಿ ಸಂಘ ಕಟ್ಟಿದರು. ಹೆಸರಿಗೆ ಏನಿಡೋಣ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಮನೆ ನಂಬರ್ 1890 ಇತ್ತು, 'ಗ್ರೂಪ್ 1890' ಅಂತ ಇಟ್ಟರು. ಬೆಸ್ಕಾಂ ಬಿಲ್ಲು ಬಂದರೆ ನೇರ ಸಂಘಕ್ಕೇ ತಲುಪುವಂಥ ಹೆಸರು. ಚಿತ್ರಕಾರ ಜೆ. ಸ್ವಾಮಿನಾಥನ್ ಮುಂದಾಳು. ಪ್ರಣಾಳಿಕೆ ಖಡಕ್ ಆಗಿತ್ತು: ರಾಜಾ ರವಿವರ್ಮನದು ಒರಟು ಸಹಜತೆ, ಬಂಗಾಳ ಕಲಾಪಂಥದ್ದು ಹಳ್ಳಿಯ ಕನಸು, ಯುರೋಪಿನಿಂದ ತಂದದ್ದೆಲ್ಲ ಬೆರಕೆ. 1963ರಲ್ಲಿ ದೆಹಲಿಯಲ್ಲಿ ಪ್ರದರ್ಶನ ನಡೆಯಿತು. ಉದ್ಘಾಟನೆಗೆ ನೆಹರೂ, ಕೆಟಲಾಗಿಗೆ ಬರೆದವರು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಸ್. ಇದಕ್ಕಿಂತ ದೊಡ್ಡ ಆರಂಭ ಯಾರಿಗೆ ಸಿಗುತ್ತೆ ಹೇಳಿ? ಅದೇ ಮೊದಲ ಪ್ರದರ್ಶನ, ಅದೇ ಕೊನೆಯದು. ಹನ್ನೆರಡು ಜನ ಹನ್ನೆರಡು ದಾರಿ ಹಿಡಿದರು. ಗುಲಾಂ ಮೊಹಮ್ಮದ್ ಶೇಖ್, ಜ್ಯೋತಿ ಭಟ್, ಹಿಮ್ಮತ್ ಶಾ ಅವರಂಥವರು ಅಲ್ಲಿದ್ದರು. ಆಮೇಲೆ ತಂತಮ್ಮ ಪಾಡಿಗೆ ಒಳ್ಳೆಯ ಕೆಲಸ ಮಾಡಿದರು. ಇತ್ತ ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಮಾತ್ರ ನಮ್ಮ ಮನೆಗಳ ದೇವರ ಕೋಣೆಯಿಂದ ಒಂದಿಂಚೂ ಅಲುಗಾಡಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರ ನೋಡಲು ಜನ ಈಗಲೂ ದುಡ್ಡು ಕೊಟ್ಟು ಒಳಗೆ ಹೋಗುತ್ತಾರೆ.

ಗ್ರಾಫಿಕ್ ಡಿಸೈನಿನವರ ವಿಷಯ ಇನ್ನೂ ಮಜಾ. ಇಲ್ಲಿ ಅಕ್ಷರದ ಬಾಲಕ್ಕೂ (ಇಂಗ್ಲಿಷ್ ಅಕ್ಷರದ ತುದಿಯಲ್ಲಿರುವ ಪುಟ್ಟ ಗೆರೆ, ಸೆರಿಫ್) ಸಿದ್ಧಾಂತ ಬೇಕು. ಜರ್ಮನಿಯ ಯಾನ್ ಚಿಖೋಲ್ಡ್ 1928ರಲ್ಲಿ 'ಹೊಸ ಟೈಪೋಗ್ರಫಿ' ಅಂತ ಅಕ್ಷರ ಜೋಡಣೆಯ ಪುಸ್ತಕ ಬರೆದು, ಇನ್ನು ಬಾಲವಿಲ್ಲದ ಅಕ್ಷರವೇ ಅಕ್ಷರ, ನಡುವಿಗೆ ಜೋಡಿಸಿದ ಪುಟ ಹಳೇ ಕಾಲದ್ದು ಅಂತ ತೀರ್ಪು ಕೊಟ್ಟರು. 1933ರಲ್ಲಿ ನಾಜಿಗಳು ಅವರನ್ನು ಹಿಡಿದು ಒಳಗೆ ಹಾಕಿದರು. ಬಿಡುಗಡೆಯಾದ ಮೇಲೆ ಸ್ವಿಟ್ಜರ್‌ಲೆಂಡಿಗೆ ಹೋಗಿ ಬದುಕಿಕೊಂಡರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಮುಂದೆ ಅವರೇ ಯೋಚಿಸಿ, ತಮ್ಮ ಹಳೇ ಸಿದ್ಧಾಂತದಲ್ಲೂ ಅಂಥದ್ದೇ ಅಸಹನೆ ಇತ್ತು ಅಂತ ಒಪ್ಪಿಕೊಂಡರು. 1947ರಲ್ಲಿ ಲಂಡನ್ನಿನ ಬಳಿಯ ಪೆಂಗ್ವಿನ್ ಪ್ರಕಾಶನಕ್ಕೆ ಬಂದಾಗ ಬಾಲದ ಅಕ್ಷರ, ನಡುವಿಗೆ ಜೋಡಿಸಿದ ಶೀರ್ಷಿಕೆ ಎಲ್ಲ ವಾಪಸ್. ಆದರೆ ಚಟ ಹೋಗುತ್ತಾ? ಅಲ್ಲೂ ಕಾಮಾ ಎಲ್ಲಿ, ಚುಕ್ಕೆ ಎಲ್ಲಿ ಅಂತ ನಿಯಮಾವಳಿ ಬರೆದು ಮುದ್ರಕರ ಕೈಗೆ ಕೊಟ್ಟರು.

ಈಗ ಲಂಡನ್ನಿನಲ್ಲೇ ಇನ್ನೊಂದು ಸಭೆಗೆ ಬನ್ನಿ. 1963ರ ನವೆಂಬರ್ 29. ಡಿಸೈನರುಗಳ ಸಂಘದ ಮೀಟಿಂಗ್. ಕೆನ್ ಗಾರ್ಲಂಡ್ ಅನ್ನುವವರು ಕೂತಲ್ಲೇ ಒಂದು ಹಾಳೆಯಲ್ಲಿ 'ಫಸ್ಟ್ ಥಿಂಗ್ಸ್ ಫಸ್ಟ್' ಅನ್ನುವ ಪ್ರಣಾಳಿಕೆ ಗೀಚಿದರು, ಎದ್ದು ಓದಿದರು. ಚಪ್ಪಾಳೆ. 22 ಜನರ ಸಹಿ. ಜನವರಿಯಲ್ಲಿ 400 ಪ್ರತಿ ಅಚ್ಚಾಯಿತು. 'ಗಾರ್ಡಿಯನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಸಂಸದ ಟೋನಿ ಬೆನ್ ಪ್ರಕಟಿಸಿದರು, ಬಿಬಿಸಿ ಟಿವಿಯವರು ಕರೆಸಿ ಓದಿಸಿದರು. ತಕರಾರು ಇಷ್ಟೇ: ನಮ್ಮ ಪ್ರತಿಭೆಯೆಲ್ಲ ಬೆಕ್ಕಿನ ಆಹಾರ, ಹೊಟ್ಟೆ ಪುಡಿ, ಡಿಟರ್ಜೆಂಟ್, ಕೂದಲು ಬೆಳೆಸುವ ಎಣ್ಣೆ, ಪಟ್ಟೆ ಪಟ್ಟೆ ಟೂತ್‌ಪೇಸ್ಟ್, ಸಣ್ಣಗಾಗುವ ಡಯಟ್, ದಪ್ಪಗಾಗುವ ಡಯಟ್ ಮಾರುವುದಕ್ಕೆ ಸುರಿದು ಹೋಗುತ್ತಿದೆ. ಬೀದಿಯ ಫಲಕ, ಪುಸ್ತಕ, ಕಲಿಕೆಯ ಸಾಮಗ್ರಿ, ಇಂಥದ್ದಕ್ಕೆ ಕೊಡೋಣ. ಒಳ್ಳೆಯ ಮಾತೇ. ಆದರೆ ಅದರಲ್ಲಿ ಒಂದು ಮುದ್ದಾದ ಸಾಲಿದೆ: ಜಾಹೀರಾತನ್ನೇ ತೆಗೆದುಹಾಕಿ ಅಂತ ನಾವು ಹೇಳುತ್ತಿಲ್ಲ, ಅದು ಆಗದ ಮಾತು. "ಆಗದ ಮಾತು" ಅಂತ ಮೊದಲೇ ಬರೆದುಕೊಟ್ಟ ಪ್ರಣಾಳಿಕೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಪಕ್ಷಗಳು ಕಲಿಯಬೇಕು.

ಈ ಚಪ್ಪಾಳೆಯ ಹೊತ್ತಿನಲ್ಲೇ, ಅದೇ ದೇಶದಲ್ಲಿ ಜಾಕ್ ಕಿನ್ನಿಯರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಅಂತ ಇಬ್ಬರು ಕೂತು ಇಡೀ ಬ್ರಿಟನ್ನಿನ ರಸ್ತೆ ಫಲಕಗಳನ್ನು ಹೊಸದಾಗಿ ಬರೆಯುತ್ತಿದ್ದರು. ಹೌದು, ಪ್ರಣಾಳಿಕೆ ಕೇಳಿದ್ದ ಅದೇ ಬೀದಿ ಫಲಕ. ವೇಗವಾಗಿ ಬರುವ ಕಾರಿನಿಂದ ಎಷ್ಟು ದೂರಕ್ಕೆ ಅಕ್ಷರ ಕಾಣುತ್ತೆ, ಎರಡು ಅಕ್ಷರದ ನಡುವೆ ಎಷ್ಟು ಜಾಗ ಬಿಡಬೇಕು, ಇದೇ ಅವರ ತಲೆನೋವು. ಶಾಲಾ ಮಕ್ಕಳು ರಸ್ತೆ ದಾಟುವ ಹಳೇ ಫಲಕದಲ್ಲಿ ಟೋಪಿ ಹಾಕಿದ ಹುಡುಗ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಕಾಲ್ವರ್ಟ್ ಅದನ್ನು ತಿರುಗಿಸಿದರು. ಹುಡುಗಿ ಮುಂದೆ, ಪುಟ್ಟ ಹುಡುಗ ಅವಳ ಕೈ ಹಿಡಿದು ಹಿಂದೆ. ಹುಡುಗಿಗೆ ಮಾದರಿ ತಮ್ಮದೇ ಬಾಲ್ಯದ ಫೋಟೋ. ದನಗಳಿವೆ ಎಚ್ಚರಿಕೆ ಅನ್ನುವ ಫಲಕಕ್ಕೆ ಮಾದರಿಯಾದದ್ದು ನೆಂಟರ ತೋಟದ ಒಂದು ಹಸು. ಹೆಸರು ಪೇಷನ್ಸ್. 1965ರಿಂದ ಆ ಹುಡುಗಿ ರಸ್ತೆ ದಾಟಿಸುತ್ತಲೇ ಇದ್ದಾಳೆ. 22 ಸಹಿಗಳಲ್ಲಿ ಇವರಿಬ್ಬರ ಸಹಿ ಇಲ್ಲ. ಪುರುಸೊತ್ತು ಇರಲಿಲ್ಲ ಅನ್ನಿಸುತ್ತೆ.

ಗಾರ್ಲಂಡರ ಪ್ರಣಾಳಿಕೆ 1999ರಲ್ಲಿ '2000' ಅನ್ನುವ ಬಾಲ ಹಚ್ಚಿಕೊಂಡು ಮತ್ತೆ ಬಂತು. ಈ ಸಲ 33 ಸಹಿ, ಮಿಲ್ಟನ್ ಗ್ಲೇಸರ್ ಅಂಥ ದೊಡ್ಡ ದೊಡ್ಡ ಹೆಸರು. ಪಟ್ಟಿ ಮಾತ್ರ ಪರಿಷ್ಕೃತ: ನಾಯಿ ಬಿಸ್ಕತ್ತು, ದುಬಾರಿ ಕಾಫಿ, ವಜ್ರ, ಕ್ರೆಡಿಟ್ ಕಾರ್ಡ್, ಹೇರ್ ಜೆಲ್. ಡಿಟರ್ಜೆಂಟೂ ಸಿಗರೇಟೂ ಎರಡೂ ಪಟ್ಟಿಯಲ್ಲಿವೆ, ಹಾಲಿ ಶಾಸಕರ ಹಾಗೆ. ಮೂವತ್ತೈದು ವರ್ಷದ ಹೋರಾಟದಲ್ಲಿ ಬೆಕ್ಕಿನಿಂದ ನಾಯಿಗೆ ಬಂದಿದ್ದೇವೆ. 2014ರಲ್ಲಿ ಮತ್ತೊಂದು ಬಂತು, 2020ರಲ್ಲಿ ಇನ್ನೊಂದು. ಮುಂದಿನ ಪಟ್ಟಿಯಲ್ಲಿ ಹಸುವಿಗೆ ಅವಕಾಶ ಸಿಗಬಹುದು.

ಕೆನಡಾದ ಡಿಸೈನರ್ ಬ್ರೂಸ್ ಮೌ 1998ರಲ್ಲಿ ಬರೆದದ್ದಕ್ಕೆ 'ಅಪೂರ್ಣ ಪ್ರಣಾಳಿಕೆ' ಅಂತ ಹೆಸರು. ಅಪೂರ್ಣ ಅಂದರೆ 43 ಅಂಶ. ಮೇಜು ಕ್ಲೀನ್ ಮಾಡಬೇಡಿ ಅನ್ನುವುದು ಒಂದು, ತಡರಾತ್ರಿವರೆಗೆ ಎದ್ದಿರಿ ಅನ್ನುವುದು ಇನ್ನೊಂದು. ಎರಡನೆಯದನ್ನು ಬೆಂಗಳೂರಿನ ಮ್ಯಾನೇಜರುಗಳು ಓದದೆಯೇ ಪಾಲಿಸುತ್ತಿದ್ದಾರೆ. ಮೊದಲನೆಯದನ್ನು ಹೌಸ್‌ಕೀಪಿಂಗಿನ ಅಕ್ಕ ಒಪ್ಪುವುದಿಲ್ಲ.

ಫ್ಲೆಕ್ಸ್ ಅಂಗಡಿಗೆ ಹೋಗಿ ನೋಡಿ, ಅಲ್ಲೂ ಗೋಡೆಗೆ ಒಂದು ಅಂಟಿಸಿರುತ್ತಾರೆ. ಲ್ಯಾಮಿನೇಷನ್ ಮಾಡಿದ ಎ4 ಹಾಳೆ, ನಾಲ್ಕೇ ಸಾಲು. ಅಡ್ವಾನ್ಸ್ ಇಲ್ಲದೆ ಡಿಸೈನ್ ಮಾಡುವುದಿಲ್ಲ. ಎರಡಕ್ಕಿಂತ ಜಾಸ್ತಿ ಕರೆಕ್ಷನ್ ಇಲ್ಲ. ಪ್ರಿಂಟ್ ಆದಮೇಲೆ ಅಕ್ಷರದ ತಪ್ಪಿಗೆ ನಾವು ಜವಾಬ್ದಾರರಲ್ಲ. ಸಾಲ ಕೇಳಬೇಡಿ. ಅಲಂಕಾರವಿಲ್ಲ, ಉಪದೇಶವಿಲ್ಲ, ಓದಿ ನನಗೇ ಸಹಿ ಹಾಕೋಣ ಅನ್ನಿಸಿತು. ಅದರ ಕೆಳಗೆ ಕೋರೆಲ್ ಡ್ರಾ ತೆರೆದುಕೊಂಡು ಕೂತ ಹುಡುಗ. ಅವನ ಕುರ್ಚಿಯ ಹಿಂದೆ ನಾಲ್ಕು ಜನ, ಅವರ ಅಣ್ಣನ ಹುಟ್ಟುಹಬ್ಬ.

"ಅಣ್ಣನ ತಲೆ ಇನ್ನೂ ಸ್ವಲ್ಪ ದೊಡ್ಡದು ಮಾಡು ಗುರು."

"ಆಯ್ತಣ್ಣ."

"ನನ್ನ ಫೋಟೋ ಇವನ ಪಕ್ಕ ಬೇಡ, ಮೇಲಿನ ಸಾಲಿಗೆ ಹಾಕು."

"ಆಯ್ತಣ್ಣ."

"ಹಿಂದೆ ಒಂದು ಸಿಂಹ ಇರಲಿ. ಬೇಡ, ಎರಡು ಹಾಕು."

ಕರೆಕ್ಷನ್ ಲೆಕ್ಕ ಇಡುವವರು ಅಲ್ಲಿ ಯಾರೂ ಕಾಣಲಿಲ್ಲ. ಇವರು ಅಡ್ವಾನ್ಸ್ ಕೊಟ್ಟಿದ್ದಾರಾ ಅಂತ ಹುಡುಗನನ್ನು ಮೆಲ್ಲಗೆ ಕೇಳಿದೆ. ಅವನು ಎರಡನೇ ಸಿಂಹವನ್ನು ತಿರುಗಿಸಿ ಬಲಗಡೆ ಕೂರಿಸುತ್ತಾ, "ಸುಮ್ನಿರಿ ಸಾರ್" ಅಂದ.