ಅಂಗೈ, ಹಿಂಗೈ

ಜ್ವರ ನೋಡುವಾಗ ನಮ್ಮ ಅಮ್ಮ ಹಣೆಯ ಮೇಲೆ ಅಂಗೈ ಇಟ್ಟದ್ದನ್ನು ನಾನು ಕಂಡಿಲ್ಲ. ಒಲೆ, ಪಾತ್ರೆ, ಬಿಸಿನೀರುಗಳಲ್ಲಿ ಪಳಗಿ ಜಡ್ಡುಗಟ್ಟಿದ ಅಂಗೈಯ ಮಾತನ್ನು ಅವಳು ಅಷ್ಟಾಗಿ ನಂಬುತ್ತಿರಲಿಲ್ಲವೆಂದು ತೋರುತ್ತದೆ. ಕೈಯನ್ನು ಮಗುಚಿ, ಹಿಂಗೈಯನ್ನು ಹಣೆಗೂ ಆಮೇಲೆ ಕೊರಳಿಗೂ ತಾಗಿಸಿ, “ಏನೂ ಇಲ್ಲ, ಸ್ಕೂಲಿಗೆ ಹೊರಡು” ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಹಿಂಗೈಗೆ ಬದುಕಿನಲ್ಲಿ ಇರುವ ಗೌರವದ ಕೆಲಸ ಬಹುಶಃ ಇದೊಂದೇ. ಉಳಿದಂತೆ ಅದು ಬೆವರು ಒರೆಸಿಕೊಳ್ಳುತ್ತದೆ, ಹಿಟ್ಟು ನಾದುವಾಗ ಮುಖದ ಮೇಲೆ ಬಿದ್ದ ಕೂದಲನ್ನು ಸರಿಸುತ್ತದೆ, ನೊಣ ಓಡಿಸುತ್ತದೆ. ಕೊಡುವುದು, ಕೊಳ್ಳುವುದು, ಹರಸುವುದು, ಚಪ್ಪಾಳೆ ತಟ್ಟುವುದು ಎಲ್ಲವೂ ಅಂಗೈಯ ಪಾಲಿಗೆ ಹೋಗಿವೆ. ಭವಿಷ್ಯವನ್ನು ಓದಬೇಕೆಂದರೂ ಅಂಗೈಯನ್ನೇ ಚಾಚಬೇಕು. ಹಿಂಗೈಯಲ್ಲಿ ನರಗಳು ಮಾತ್ರ.

ಸಂಗೀತದಲ್ಲಿಯೂ ಹಿಂಗೈಗೆ ಸ್ಥಾನವಿಲ್ಲವೆಂದೇ ನಾನು ತಿಳಿದಿದ್ದೆ. ಪಿಯಾನೊ ಕಲಿಸುವವರಂತೂ ಅಂಗೈಯೊಳಗೆ ಒಂದು ಕಿತ್ತಳೆಹಣ್ಣನ್ನು ಹಿಡಿದಂತೆ ಬೆರಳುಗಳು ಬಾಗಿರಬೇಕು ಎಂದು ಮೊದಲ ದಿನವೇ ಹೇಳಿಬಿಡುತ್ತಾರೆ. ಈ ಕಿತ್ತಳೆಯನ್ನು ಆಚೆಗೆ ಎಸೆದು, ಬಲಗೈಯನ್ನು ಪೂರ್ತಿ ಮಗುಚಿ, ಬೆರಳ ಗೆಣ್ಣುಗಳನ್ನೂ ಹಿಂಗೈಯನ್ನೂ ಪಿಯಾನೊದ ಮೇಲೆ ಉರುಳಿಸಿದವನು ಡಾನ್ ಪುಲನ್ ಎಂಬ ಅಮೆರಿಕದ ಜಾಝ್ ವಾದಕ. ಆತನ ಧ್ವನಿಮುದ್ರಣಗಳನ್ನು ನಾನು ಬಹಳ ಕಾಲದಿಂದ ಕೇಳುತ್ತ ಬಂದಿದ್ದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಧ್ವನಿಮುದ್ರಣಕ್ಕೆ ಕೈ ಇರುವುದಿಲ್ಲವಲ್ಲ!

ಮೊದಲು ಕೇಳಿದ್ದು ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿ. 1974ರ ಡಿಸೆಂಬರ್ ಕೊನೆಯಲ್ಲಿ ಮುದ್ರಿಸಿಕೊಂಡ ‘ಚೇಂಜಸ್ ಒನ್’ ಎಂಬ ಆಲ್ಬಮ್ಮಿನಲ್ಲಿ ‘ಸೂಸ್ ಚೇಂಜಸ್’ ಎಂಬ ಹದಿನೇಳು ನಿಮಿಷದ ಕೃತಿಯಿದೆ. ಅದರಲ್ಲಿ ಪುಲನ್‌ನ ಸರದಿ ಬಂದಾಗ ಪಿಯಾನೊ ಮೊದಲು ಸಭ್ಯ ಗೃಹಸ್ಥನಂತೆ ಮಾತಿಗೆ ತೊಡಗುತ್ತದೆ. ಬರಬರುತ್ತ ಬಲಗಡೆಯ ಸ್ವರಗಳು ಒಂದರ ಮೇಲೊಂದು ಬಿದ್ದು ಗೊಂಚಲಾಗಿ, ಗೊಂಚಲು ಉರುಳಿ, ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತಾಗುತ್ತದೆ. ಆದರೆ ಕಿವಿಗೊಟ್ಟು ಕೇಳಿದರೆ ಎಡಗೈ ತನ್ನ ಪಾಡಿಗೆ ತಾಳ ಬಿಡದೆ, ರಾಗದ ಚೌಕಟ್ಟನ್ನೂ ಬಿಡದೆ ನಡೆದೇ ಇರುತ್ತದೆ. ಇಬ್ಬರು ವಾದಕರು ಕೂತಿರಬಹುದೆಂದು ಆಲ್ಬಮ್ಮಿನ ಹಿಂಬದಿಯ ಹೆಸರುಗಳನ್ನು ನಾನು ಎರಡು ಸಲ ಎಣಿಸಿದ್ದುಂಟು. ನನ್ನ ಹೆಂಡತಿ ಎಣಿಸುವ ಗೋಜಿಗೆ ಹೋಗದೆ ಎದ್ದು ಹೋಗಿ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು. ಪುಲನ್ ಶುರುವಾದರೆ ಬಾಗಿಲು ಮುಚ್ಚುವುದು ಅಂದಿನಿಂದ ನಮ್ಮ ಮನೆಯ ರೂಢಿಯಾಯಿತು.

ಕೆಲವು ವರ್ಷಗಳ ನಂತರ, ಅದೇ ತಂಡ 1975ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ನುಡಿಸಿದ ಕಛೇರಿಯ ವಿಡಿಯೊ ನೋಡುವಾಗ ಗುಟ್ಟು ಬಯಲಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುವುದು ಸರಿಯೇ, ಆದರೆ ಹಿಂಗೈಯ ವಿದ್ಯೆಗೆ ನನಗೆ ವಿಡಿಯೊ ಬೇಕಾಯಿತು. ಕೈ ಮಗುಚುತ್ತದೆ, ಗೆಣ್ಣುಗಳು ಕೀಗಳ ಮೇಲೆ ಬಾಗಿ ಉರುಳುತ್ತವೆ, ಮತ್ತೆ ಕೈ ನೆಟ್ಟಗಾಗುವ ಹೊತ್ತಿಗೆ ಕಿರುಬೆರಳೋ ಹೆಬ್ಬೆರಳೋ ಬೇಕಾದ ಸ್ವರದ ಮೇಲೆ, ಬೇಕಾದ ಗಳಿಗೆಯಲ್ಲಿ, ಹಕ್ಕಿ ಕೊಂಬೆಯ ಮೇಲೆ ಇಳಿದಂತೆ ಇಳಿದಿರುತ್ತದೆ. ನಾನು ಬಿರುಗಾಳಿ ಎಂದುಕೊಂಡದ್ದು ಅಷ್ಟೂ ಲೆಕ್ಕಾಚಾರದ ಕೆಲಸವಾಗಿತ್ತು.

ಇದನ್ನು ನಾನೂ ಒಮ್ಮೆ ಮಾಡಿ ನೋಡಬೇಕೆನ್ನಿಸಿ ಅಟ್ಟದ ಮೇಲಿದ್ದ ಹಳೆಯ ಹಾರ್ಮೋನಿಯಂ ಇಳಿಸಿದೆ. ಎಡಗೈಯಲ್ಲಿ ತಿದಿ ಒತ್ತುತ್ತ ಬಲಗೈ ಮಗುಚಿ ಉರುಳಿಸಿದಾಗ ಹೊರಟ ಧ್ವನಿಯನ್ನು ವರ್ಣಿಸದಿರುವುದೇ ಲೇಸು. ಧ್ವನಿಗಿಂತ ಮಿಗಿಲಾಗಿ ನನಗೆ ನೆನಪಿರುವುದು ನೋವು. ಬಿಳಿಯ ಮನೆಗಳು ಬೆಣ್ಣೆಯಂತೆ ಜಾರುತ್ತವೆ. ಕಪ್ಪು ಮನೆಗಳ ಅಂಚು ಮಾತ್ರ ಗೆಣ್ಣಿನ ಮೂಳೆಗೆ ಸರಿಯಾಗಿ ಬಡಿಯುತ್ತದೆ. ನಾಲ್ಕನೆಯ ಉರುಳಿಗೆ ಚರ್ಮ ಕಿತ್ತು ಬಂದಿತು. ಹಾರ್ಮೋನಿಯಂನ ಮನೆ ಒತ್ತಲು ಬೇಕಾದ ಬಲ ಎಷ್ಟು ಮಹಾ? ಪಿಯಾನೊದ ಕೀಯ ಹಿಂದೆ ತಂತಿಗೆ ಹೊಡೆಯುವ ಸುತ್ತಿಗೆಯೊಂದನ್ನು ಎತ್ತಿ ಬೀಸುವ ಭಾರವಿರುತ್ತದೆ. ಪುಲನ್ ಇದನ್ನು ರಾತ್ರಿ ರಾತ್ರಿ ಗಂಟೆಗಟ್ಟಲೆ ಮಾಡಿದವನು.

ಹಾರ್ಮೋನಿಯಂ ಮುಂದೆ ಗೆಣ್ಣು ಊದಿಕೊಳ್ಳುತ್ತ ಕೂತಿದ್ದಾಗಲೇ ನನಗೆ ಹೊಳೆದ ಮಾತೊಂದಿದೆ. ನಮ್ಮಲ್ಲಿ ಈ ವಾದ್ಯದ ಮೇಲಿದ್ದ ದೊಡ್ಡ ದೂರು ಅದರಲ್ಲಿ ಗಮಕ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಿ ತೂಗುವುದು, ಬರುವುದಿಲ್ಲವೆಂಬುದು. ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಗೋಡೆಯೇ ಹೊರತು ಓಣಿಯಿಲ್ಲ. ಇದೇ ಕಾರಣಕ್ಕೆ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪಿಯಾನೊದ ಪಾಡೂ ಇದೇ. ಆದರೆ ಕಪ್ಪು ಅಮೆರಿಕನ್ನರ ಬ್ಲೂಸ್ ಹಾಡುಗಾರಿಕೆಯ ಜೀವವಿರುವುದೇ ಆ ಓಣಿಯಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ‘ಗ’ ಸ್ವರದ ಅಕ್ಕಪಕ್ಕದ ಎರಡು ಸ್ಥಾನಗಳಾದ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಗಾಂಧಾರವಿದೆ. ಬ್ಲೂಸ್ ಗಾಯಕಿ ನೋವನ್ನು ಇಡುವುದು ಅಲ್ಲಿ. ಕಂಠಕ್ಕೆ ಅದು ಸುಲಭ, ಗಿಟಾರಿನ ತಂತಿಯನ್ನು ಎಳೆದರೂ ಸಿಕ್ಕೀತು. ಪಿಯಾನೊ ಏನು ಮಾಡಬೇಕು? ಹಳೆಯ ಬ್ಲೂಸ್ ಪಿಯಾನೊದವರು ಕಂಡುಕೊಂಡ ಉಪಾಯವೆಂದರೆ ಬೆರಳನ್ನು ಕಪ್ಪು ಕೀಯಿಂದ ಬಿಳಿಗೆ ಜಾರಿಸುವುದು, ಇಲ್ಲವೇ ಎರಡು ಗಾಂಧಾರಗಳನ್ನೂ ಒಟ್ಟಿಗೆ ಒತ್ತಿ ಜಜ್ಜುವುದು. ಹಾಗೆ ಜಜ್ಜಿದಾಗ ಕೇಳುವ ಕಿವಿ ನಡುವಿನ ಸ್ವರವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ.

ಎರಡು ಸ್ವರಗಳನ್ನು ಜಜ್ಜಬಹುದಾದರೆ ಹತ್ತನ್ನು ಏಕೆ ಜಜ್ಜಬಾರದು? ಪುಲನ್‌ನ ಹಿಂಗೈ ಮಾಡಿದ್ದು ಇಷ್ಟೇ ಎಂದು ನನಗೆ ತೋರುತ್ತದೆ. ಅವಾಂಗಾರ್ದ್, ಅಂದರೆ ರೂಢಿ ಮುರಿದು ಮುಂದೆ ಹೋಗುವ ಕಲೆ, ಎಂಬ ದೊಡ್ಡ ಹೆಸರಿನಿಂದ ವಿಮರ್ಶಕರು ಕರೆದ ಆ ಅಬ್ಬರ, ಹಳ್ಳಿಯ ಬ್ಲೂಸ್ ವಾದಕ ಜಾರಿಸುತ್ತಿದ್ದ ಒಂದೇ ಒಂದು ಬೆರಳಿನ ಮೊಮ್ಮಗ. ನನ್ನ ಸಂಗೀತಜ್ಞ ಮಿತ್ರರು ಇದಕ್ಕೆ ಒಪ್ಪುವುದಿಲ್ಲ. ಅವರ ಗೆಣ್ಣುಗಳು ಎಂದೂ ತರಚಿಲ್ಲ.

ಪುಲನ್ ಹುಟ್ಟಿದ್ದು 1941ರ ಕ್ರಿಸ್‌ಮಸ್ ದಿನ, ವರ್ಜೀನಿಯದ ರೊನೋಕ್ ಎಂಬ ರೈಲ್ವೆ ಊರಿನಲ್ಲಿ. ಚಿಕ್ಕವನಾಗಿರುವಾಗಲೇ ಚರ್ಚಿನ ಗಾಯಕವೃಂದಕ್ಕೆ ಪಿಯಾನೊ ನುಡಿಸುತ್ತಿದ್ದ. ಮುಂದಾಳು ಒಂದು ಸಾಲು ಹಾಡಿ, ನೆರೆದವರು ಅದನ್ನು ಎತ್ತಿಕೊಂಡು, ಚಪ್ಪಾಳೆಯ ಲಯ ಏರುತ್ತ ಹೋಗುವ ಆ ಗಾಸ್ಪೆಲ್ ಹಾಡುಗಾರಿಕೆಯನ್ನು ನಮ್ಮ ಭಜನೆಯಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. ವೈದ್ಯನಾಗಬೇಕೆಂದು ಕಾಲೇಜು ಸೇರಿ, ಓದು ಬಿಟ್ಟು, 1964ರಲ್ಲಿ ನ್ಯೂಯಾರ್ಕಿಗೆ ಬಂದ. ತಾಳದ ಕಟ್ಟನ್ನೂ ರಾಗದ ಕಟ್ಟನ್ನೂ ಕಳಚಿಹಾಕುತ್ತಿದ್ದ ಹೊಸ ಜಾಝ್‌ನ ಗುಂಪಿಗೆ ಸೇರಿಕೊಂಡ. 1966ರ ಏಪ್ರಿಲ್ 30ರಂದು ಡೋಲುವಾದಕ ಮಿಲ್‌ಫರ್ಡ್ ಗ್ರೇವ್ಸ್‌ನೊಂದಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ ಜುಗಲಬಂದಿಯನ್ನು ಇಬ್ಬರೂ ಸೇರಿ ತಾವೇ ರೆಕಾರ್ಡ್ ಆಗಿ ಹೊರತಂದರು. ಸಂಸ್ಥೆಗೆ ಇಟ್ಟ ಹೆಸರು ಸೆಲ್ಫ್ ರಿಲಯನ್ಸ್ ಪ್ರಾಜೆಕ್ಟ್. ಮೊದಲ ಪ್ರತಿಗಳ ಹೊದಿಕೆಗಳಿಗೆ ಕೈಯಲ್ಲೇ ಬಣ್ಣ ಬಳಿದರು. ಹೀಗೆ ಬಣ್ಣ ಬಳಿದ ಪ್ರತಿಗಳಿಗೆ ಇಂದು ಸಂಗ್ರಹಕಾರರು ಸಾಲುಗಟ್ಟುತ್ತಾರೆ. ನನಗೆ ಆ ರೆಕಾರ್ಡ್ ಬಗ್ಗೆ ಗೌರವವಿದೆ, ಪ್ರೀತಿಯಿಲ್ಲ. ಅಲ್ಲಿ ಎರಡೂ ಕೈಗಳು ಬಿರುಗಾಳಿಯೇ, ನಿಲ್ಲಲು ನೆಲ ಸಿಗುವುದಿಲ್ಲ.

ಬಿರುಗಾಳಿಯಿಂದ ಮನೆಬಾಡಿಗೆ ಹುಟ್ಟುವುದಿಲ್ಲ. ಮುಂದಿನ ವರ್ಷಗಳಲ್ಲಿ ಆತ ಹ್ಯಾಮಂಡ್ ಆರ್ಗನ್ ಹಿಡಿದು ಬಾರುಗಳಲ್ಲಿ ನುಡಿಸಿದ. ಬಿಗ್ ಮೇಬೆಲ್, ರೂತ್ ಬ್ರೌನ್, ನೀನಾ ಸಿಮೋನ್ ಮೊದಲಾದವರ ಹಾಡಿಗೆ ಪಕ್ಕವಾದ್ಯ ನುಡಿಸಿದ. ಇದನ್ನು ಹೊಟ್ಟೆಪಾಡೆಂದು ತಳ್ಳಿಹಾಕುವವರಿದ್ದಾರೆ. ನನಗನ್ನಿಸುವುದೇ ಬೇರೆ. ಆರ್ಗನ್ನಿನ ಕೀ ಹಗುರ, ಒತ್ತಿದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ, ಅಂಗೈಯಿಂದ ಕೀಗಳ ಮೇಲೆ ಬಳಿದುಕೊಂಡು ಹೋಗುವುದು ಆರ್ಗನ್ನಿನವರಿಗೆ ನಿತ್ಯದ ಅಲಂಕಾರ. ಅಂಗೈ ಬಳಿಯುವುದನ್ನು ಅಲ್ಲಿ ರೂಢಿ ಮಾಡಿಕೊಂಡ ಕೈಗೆ ಪಿಯಾನೊದ ಮುಂದೆ ಹಿಂಗೈಯ ನೆನಪಾದದ್ದರಲ್ಲಿ ಆಶ್ಚರ್ಯವೇನು? ಇದು ನನ್ನ ಊಹೆ ಮಾತ್ರ. ಮುಂದೆ ಹೆಸರು ಬಂದ ಮೇಲೂ ಆತ ಆರ್ಗನ್ನನ್ನು ಬಿಟ್ಟುಕೊಡಲಿಲ್ಲ. ಸ್ಯಾಕ್ಸೊಫೋನ್ ವಾದಕ ಮೇಸಿಯೊ ಪಾರ್ಕರ್‌ನ 1990ರ ‘ರೂಟ್ಸ್ ರೀವಿಸಿಟೆಡ್’ ಆಲ್ಬಮ್ಮಿನಲ್ಲಿ ಆರ್ಗನ್ನಿಗೆ ಕೂತಿರುವವನು ಇವನೇ.

ಇದರಿಂದ ಆದ ತೊಡಕೆಂದರೆ, ಯೇಲ್‌ನ ರೆಕಾರ್ಡ್ ಕೇಳಿದವರು ಈತನಿಗೆ ಬ್ಲೂಸ್ ಬಾರದೆಂದುಕೊಂಡರು, ಬಾರಿನಲ್ಲಿ ಕೇಳಿದವರು ಈತನಿಗೆ ಬೇರೇನೂ ಬಾರದೆಂದುಕೊಂಡರು. ಕೈ ಒಂದೇ, ಮಗ್ಗುಲು ಎರಡು. ಅಬ್ಬರ ಕೇಳಿದೊಡನೆ ಹೊಸ ಜಾಝ್‌ನ ಇನ್ನೊಬ್ಬ ಪಿಯಾನೊ ವಾದಕ ಸೆಸಿಲ್ ಟೇಲರ್‌ನ ಹೆಸರು ತೆಗೆಯುವವರ ಕಾಟವಂತೂ ಕೊನೆಯವರೆಗೂ ತಪ್ಪಲಿಲ್ಲ. ಆ ಹೋಲಿಕೆ ಪುಲನ್‌ಗೆ ಹಿಡಿಸುತ್ತಿರಲಿಲ್ಲ.

ಎರಡೂ ಮಗ್ಗುಲು ಒಟ್ಟಿಗೆ ಕೇಳಬೇಕೆಂದರೆ 1975ರಲ್ಲಿ ಕೆನಡಾದ ಸ್ಯಾಕ್‌ವಿಲ್ ಕಂಪನಿ ಹೊರತಂದ ‘ಸೋಲೊ ಪಿಯಾನೊ ಆಲ್ಬಮ್’ನಲ್ಲಿರುವ ‘ಬಿಗ್ ಆಲಿಸ್’ ಕೇಳಬೇಕು. ಎಡಗೈ ಒಂದು ಕುಣಿತದ ಹೆಜ್ಜೆಯನ್ನು ಹಿಡಿದು ಕೊಡದಲ್ಲಿ ನೀರು ತುಳುಕದಂತೆ ನಡೆಯುತ್ತದೆ. ಬಲಗೈ ಆ ಕೊಡದ ಮೇಲೆ ಸಕಲ ಚೇಷ್ಟೆಗಳನ್ನೂ ಮಾಡುತ್ತದೆ. ಇನ್ನೇನು ಕೊಡ ಬಿತ್ತು ಎನ್ನುವಾಗ ಬೆರಳುಗಳು ಮರಳಿ ಹಾಡಿನ ಸಾಲಿಗೆ ಬಂದು, ಏನೂ ಆಗದವರಂತೆ ಪಲ್ಲವಿ ಎತ್ತಿಕೊಳ್ಳುತ್ತವೆ. ಮಿಂಗಸ್‌ನ ತಂಡದಲ್ಲಿ ಗೆಳೆಯರಾಗಿದ್ದ ಸ್ಯಾಕ್ಸೊಫೋನಿನ ಜಾರ್ಜ್ ಆಡಮ್ಸ್, ಡ್ರಮ್ಮಿನ ಡ್ಯಾನಿ ರಿಚ್ಮಂಡ್, ಇವರೊಡನೆ ಬಾಸ್‌ನ ಕ್ಯಾಮೆರಾನ್ ಬ್ರೌನ್ ಸೇರಿ 1979ರಲ್ಲಿ ಕಟ್ಟಿದ ಚತುಷ್ಕ 1988ರಲ್ಲಿ ರಿಚ್ಮಂಡ್ ಸಾಯುವವರೆಗೂ ನಡೆಯಿತು. ಅದರ ಆಲ್ಬಮ್ಮುಗಳು ಯುರೋಪಿನಲ್ಲಿ, ಜಪಾನಿನಲ್ಲಿ, ಕೊನೆಗೆ ಅಮೆರಿಕದ ಬ್ಲೂ ನೋಟ್ ಕಂಪನಿಯಲ್ಲಿ ಬಂದವು. ಇದೇ ಕಾಲದಲ್ಲಿ, 1983ರಲ್ಲಿ, ಒಬ್ಬನೇ ಕೂತು ನುಡಿಸಿದ ಇನ್ನೊಂದು ಆಲ್ಬಮ್ಮಿಗೆ ಆತ ಇಟ್ಟ ಹೆಸರು ‘ಎವಿಡೆನ್ಸ್ ಆಫ್ ಥಿಂಗ್ಸ್ ಅನ್‌ಸೀನ್’, ಅಂದರೆ ಕಾಣದವುಗಳಿಗೆ ಸಾಕ್ಷಿ. ಬೈಬಲ್ಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದಲ್ಲಿ ನಂಬಿಕೆಯೆಂದರೇನು ಎಂದು ಹೇಳುವಾಗ ಬರುವ ಮಾತು ಅದು. ಚರ್ಚಿನ ಹುಡುಗನಿಗೆ ಅದು ಬಾಯಿಪಾಠವಾಗಿದ್ದಿರಬೇಕು. ಕಾಣದ ಕೈಯೊಂದನ್ನು ವರ್ಷಗಟ್ಟಲೆ ನಂಬಿ ಕೇಳಿದ ನನಗೆ ಮಾತ್ರ ಅದು ಧ್ವನಿಮುದ್ರಣದ ಬಗ್ಗೆಯೇ ಬರೆದ ಮಾತಿನಂತೆ ಕಾಣುತ್ತದೆ.

ಕೊನೆಯ ಆಲ್ಬಮ್ ‘ಸೇಕ್ರೆಡ್ ಕಾಮನ್ ಗ್ರೌಂಡ್’. ಮಾಂಟಾನಾದ ಫ್ಲಾಟ್‌ಹೆಡ್ ಪ್ರದೇಶದ ಮೂಲನಿವಾಸಿ ಹಾಡುಗಾರರಾದ ಚೀಫ್ ಕ್ಲಿಫ್ ಸಿಂಗರ್ಸ್ ತಂಡದೊಡನೆ 1994ರಲ್ಲಿ, ಲಿಂಫೋಮಾ ಎಂಬ ಕ್ಯಾನ್ಸರ್ ಕಾಯಿಲೆ ಮೈಯನ್ನು ತಿನ್ನುತ್ತಿದ್ದಾಗ ಮುದ್ರಿಸಿದ್ದು. 1995ರ ಏಪ್ರಿಲ್ 22ರಂದು ಪುಲನ್ ತೀರಿಕೊಂಡ. ಆಲ್ಬಮ್ ಆಮೇಲೆ ಹೊರಬಂದಿತು. ದೊಡ್ಡ ಡೋಲಿನ ಸುತ್ತ ಕೂತು ಎತ್ತರದ ದನಿಯಲ್ಲಿ ಹಾಡುವ ಆ ಗಂಟಲುಗಳು ಪಿಯಾನೊದ ಶ್ರುತಿಯ ಲೆಕ್ಕವನ್ನೇ ಕೇಳುವುದಿಲ್ಲ. ಅವರ ಸ್ವರಗಳೆಲ್ಲ ಓಣಿಗಳಲ್ಲಿಯೇ ಓಡಾಡುತ್ತವೆ. ಬೇರೆ ಯಾವ ಪಿಯಾನೊ ವಾದಕ ಆ ಜಾಗದಲ್ಲಿ ಕೂತಿದ್ದರೂ ಶ್ರುತಿ ತಪ್ಪಿದ್ದು ಇವರೋ ತಾನೋ ಎಂದು ಕಂಗಾಲಾಗುತ್ತಿದ್ದ. ಗೋಡೆಗಳನ್ನು ಜಜ್ಜುತ್ತಲೇ ಜೀವ ಸವೆಸಿದ್ದ ಈತನಿಗೆ ಅದು ಪರವೂರೆನ್ನಿಸಿದಂತೆ ಕಾಣುವುದಿಲ್ಲ.

ಆದರೂ ನಾನು ಹೆಚ್ಚಾಗಿ ಮರಳುವುದು ಅದಕ್ಕಿಂತ ತುಸು ಹಿಂದಿನ ‘ಓಡ್ ಟು ಲೈಫ್’ಗೆ. ಆಫ್ರಿಕ, ಬ್ರೆಜಿಲ್‌ಗಳ ವಾದಕರನ್ನು ಕೂಡಿಸಿಕೊಂಡು 1993ರಲ್ಲಿ ತಂದ ಆಲ್ಬಮ್ ಇದು. 1992ರ ನವೆಂಬರಿನಲ್ಲಿ ಜಾರ್ಜ್ ಆಡಮ್ಸ್ ಸತ್ತಿದ್ದ; ಆ ಗೆಳೆಯನಿಗಾಗಿ ಕಟ್ಟಿದ ‘ಆ, ಜಾರ್ಜ್, ವೀ ಹಾರ್ಡ್ಲಿ ನ್ಯೂ ಯಾ’ ಇದರಲ್ಲಿದೆ. ನಿನ್ನನ್ನು ನಾವು ಸರಿಯಾಗಿ ಅರಿತುಕೊಳ್ಳುವಷ್ಟರಲ್ಲಿ ಹೊರಟೆಯಲ್ಲ ಜಾರ್ಜ್ ಎಂಬ ಧಾಟಿಯ ಹೆಸರು. ಮಗುವನ್ನು ತೊಟ್ಟಿಲಲ್ಲಿ ಹಾಕಿ ತೂಗುವ ಹಾಡಿನಷ್ಟು ಸರಳವಾಗಿ ರಾಗ ಶುರುವಾಗುತ್ತದೆ.

ಮೊನ್ನೆ ಇದನ್ನು ಹಾಕಿಕೊಂಡು ಕೂತಿದ್ದಾಗ ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ಲೋಟ ಇಡುವುದನ್ನು ಮರೆತು ಬಾಗಿಲಲ್ಲೇ ನಿಂತಳು.

“ಇದು ಯಾರು ರೀ?”

“ಅವನೇ. ಬಾಗಿಲು ಮುಚ್ಚುತ್ತೀಯಲ್ಲ, ಅವನು.”

“ಇಷ್ಟು ಚೆನ್ನಾಗಿ ಬರುತ್ತಲ್ಲ ಅವನಿಗೆ. ಮತ್ತೆ ಆ ಇನ್ನೊಂದನ್ನು ಯಾಕೆ ಬಾರಿಸ್ತಾನೆ?”

ಸಾಧಾರಣ ಗಾಂಧಾರದಿಂದ ತೊಡಗಿ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಿಯಾನೊದ ಬಲಮಗ್ಗುಲು ಕುದಿಯತೊಡಗಿತು. ಕೈ ಮಗುಚಿದ್ದು ನನಗೆ ಕಾಣದಿದ್ದರೂ ತಿಳಿಯಿತು. ಅವಳು ತುಸು ಮುಖ ಹಿಂಡಿದಳು, ಲೋಟವನ್ನು ಮೇಜಿನ ಮೇಲಿಟ್ಟು ಅಡುಗೆಮನೆಯ ಕಡೆ ನಡೆದಳು. ಬಾಗಿಲನ್ನು ಮಾತ್ರ ಎಂದಿನಂತೆ ಎಳೆದುಕೊಳ್ಳಲಿಲ್ಲ.