ಗೇಟು ತೆರೆಯಲಾಯಿತು: ಪ್ಯಾಸಿವ್ ವಾಯ್ಸ್ ಕಲಿಸುವ ಬಗೆ

ಕೊಪ್ಪಳ, ರಾಯಚೂರಿನ ಮಕ್ಕಳಿಗೆ ಇಂಗ್ಲಿಷಿನ ಪ್ಯಾಸಿವ್ ವಾಯ್ಸನ್ನು, ಅಂದರೆ ಕರ್ಮಣಿ ಪ್ರಯೋಗವನ್ನು, ಇಂದಿಗೂ ಅದಲುಬದಲಿನ ಲೆಕ್ಕದಂತೆ ಕಲಿಸುತ್ತೇವೆ. ಕರ್ಮವನ್ನು ಮುಂದಕ್ಕೆ ತಾ, ಕರ್ತೃವನ್ನು ಹಿಂದಕ್ಕೆ ಕಳಿಸಿ 'ಬೈ' ಹಚ್ಚು, ನಡುವೆ 'ವಾಸ್' ಹಾಕು. ಇದರಿಂದ ಪರೀಕ್ಷೆಯ ಅಂಕ ಬರುತ್ತದೆ, ನಾಲ್ಕು ಸಾಲಿನ ವರದಿ ಬರೆಯಲು ಬರುವುದಿಲ್ಲ. ಪುಣೆಯಲ್ಲಿ ಮರಾಠಿಗರ ನಡುವೆ ಇರುವ ನನಗೆ, ನಮ್ಮವರ ತಪ್ಪುಗಳ ಬೇರು ಕನ್ನಡದ ವಾಕ್ಯದಲ್ಲೇ ಇದೆ ಅನಿಸುತ್ತದೆ. ಕಲಿಸುವುದನ್ನೂ ಅಲ್ಲಿಂದಲೇ ಶುರು ಮಾಡಬೇಕು.

ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ, ಅಂದರೆ ನೀರು ಹೊರಬಿಡಲು ಮೇಲ್ಭಾಗದಲ್ಲಿರುವ ಗೇಟುಗಳು. ಒಂದನ್ನು ಎತ್ತಿದರೆ 'ಗೇಟನ್ನು ತೆರೆಯಲಾಯಿತು', ಹತ್ತನ್ನು ಎತ್ತಿದರೂ 'ಗೇಟುಗಳನ್ನು ತೆರೆಯಲಾಯಿತು'. ಕ್ರಿಯಾಪದ ಕದಲುವುದಿಲ್ಲ, 'ಅನ್ನು' ಕೂಡ ಹಾಗೇ ಉಳಿಯಬಲ್ಲದು; 'ಗೇಟು ತೆರೆಯಲಾಯಿತು' ಎಂದು ಅದನ್ನು ಬಿಟ್ಟರೂ ನಡೆಯುತ್ತದೆ. ಮರಾಠಿಯಲ್ಲಿ ಹಾಗಲ್ಲ: ಒಂದಕ್ಕೆ 'ದರವಾಜಾ ಉಘಡಣ್ಯಾತ ಆಲಾ', ಹಲವಕ್ಕೆ 'ದರವಾಜೇ ಉಘಡಣ್ಯಾತ ಆಲೇ'. ಇಂಗ್ಲಿಷಿನ ನಡೆಯೂ ಇದೇ. ಗೇಟು ಕರ್ತೃವಿನ ಜಾಗಕ್ಕೆ ಬಂದು ಕೂರುತ್ತದೆ, ಕ್ರಿಯಾಪದ ಅದರ ವಚನಕ್ಕೆ ಹೊಂದಿಕೊಳ್ಳುತ್ತದೆ: 'ಗೇಟ್ ವಾಸ್ ಓಪನ್ಡ್', 'ಗೇಟ್ಸ್ ವರ್ ಓಪನ್ಡ್'. ನಮ್ಮ ಹುಡುಗರು 'ಗೇಟ್ಸ್ ವಾಸ್' ಎಂದು ಬರೆದರೆ ದಡ್ಡರೆಂದು ಬೈಯುವುದು ಅನ್ಯಾಯ. ಈ ವ್ಯತ್ಯಾಸವನ್ನು ಅವರಿಗೆ ಯಾರೂ ತೋರಿಸಿಲ್ಲ.

ಕಾಲದ ತಪ್ಪು ಇನ್ನೂ ಹೆಚ್ಚು. 'ನೀರು ಬಿಡಲಾಗಿದೆ' ಎಂಬುದರ 'ಇದೆ' ಕಿವಿಗೆ ಬಿದ್ದ ಕೂಡಲೇ ಕೈ 'ಈಸ್ ರಿಲೀಸ್ಡ್' ಎಂದು ಬರೆಯುತ್ತದೆ. ಬೇಕಾದದ್ದು 'ಹ್ಯಾಸ್ ಬೀನ್ ರಿಲೀಸ್ಡ್'. ಬಿಡಲಾಗುತ್ತಿದೆ ಅಂದರೆ 'ಈಸ್ ಬೀಯಿಂಗ್ ರಿಲೀಸ್ಡ್', ಬಿಡಲಾಯಿತು ಅಂದರೆ 'ವಾಸ್ ರಿಲೀಸ್ಡ್', ಬಿಡಲಾಗುವುದು ಅಂದರೆ 'ವಿಲ್ ಬಿ ರಿಲೀಸ್ಡ್'. ಕಾಲುವೆಗೆ ನೀರು ಬಿಡುವ ಒಂದು ಪ್ರಕಟಣೆಯನ್ನು ಈ ನಾಲ್ಕು ರೂಪದಲ್ಲಿ ಬರೆಸಿ. ಎಷ್ಟೋ ಪುಟದ ಅಭ್ಯಾಸಕ್ಕಿಂತ ಅದು ಮೇಲು.

'ಬೈ' ವಿಷಯದಲ್ಲಿ ನಮ್ಮ ಆಡುಮಾತೇ ಒಳ್ಳೆಯ ಗುರು. 'ಕಾಲುವಿಗೆ ನೀರ ಬಿಟ್ಟಾರ' ಅಂದಾಗ ಬಿಟ್ಟವರ್ಯಾರು ಎಂದು ಗಂಗಾವತಿಯ ರೈತ ಕೇಳುವುದಿಲ್ಲ. ನೀರು ಬಂತೋ ಇಲ್ಲವೋ ಅದಷ್ಟೇ ಮುಖ್ಯ. ಇಂಥಲ್ಲಿ 'ಬೈ ದೆಮ್' ಸೇರಿಸುವುದು ಬರೀ ಕಸ. 'ಎಂಜಿನಿಯರರಿಂದ ಗೇಟು ತೆರೆಯಲ್ಪಟ್ಟಿತು' ಎಂಬ ಗೈಡುಗಳ ಕನ್ನಡವನ್ನಂತೂ ನಮ್ಮಲ್ಲಿ ಯಾರೂ ಆಡುವುದಿಲ್ಲ.

ಕರ್ಮವೇ ಇಲ್ಲದ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಪ್ಯಾಸಿವ್ ಇಲ್ಲ. 'ಅಪಘಾತ ಆಯಿತು', 'ತೆರೆಯಲಾಯಿತು' ಎರಡರಲ್ಲೂ 'ಆಯಿತು' ಇರುವುದರಿಂದ ನಮ್ಮವರು 'ವಾಸ್ ಹ್ಯಾಪನ್ಡ್' ಬರೆದುಬಿಡುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನೇ ಪಾಠ ಮಾಡಬಹುದು. ಚೈನು 'ಸ್ನ್ಯಾಪ್ಡ್', ಅಲ್ಲಿ 'ವಾಸ್' ಬೇಡ. ಗೇಟು 'ವಾಸ್ ವಾಶ್ಡ್ ಅವೇ', ಕನ್ನಡದ 'ಕೊಚ್ಚಿಹೋಯಿತು' ಕರ್ತರಿ ರೂಪದಲ್ಲಿದ್ದರೂ ಅಲ್ಲಿ ಪ್ಯಾಸಿವ್ ಸಹಜ. ಆಮೇಲೆ ನೀರು ತಡೆಯಲು ಗೇಟಿನ ಜಾಗದಲ್ಲಿ ಇಳಿಸುವ ತಾತ್ಕಾಲಿಕ ತಡೆಗಳು, ಅಂದರೆ ಸ್ಟಾಪ್ ಲಾಗ್‌ಗಳು, 'ವರ್ ಇನ್‌ಸ್ಟಾಲ್ಡ್'.

ಪ್ರಯೋಗಶಾಲೆಯ ವರದಿಗೆ ಪ್ಯಾಸಿವ್ ಒಗ್ಗುತ್ತದೆ. ಕಚೇರಿಯ ಭರವಸೆಗೆ ಅದನ್ನು ಬಳಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 'ಕೆನಾಲ್ ವಿಲ್ ಬಿ ರಿಪೇರ್ಡ್' ಎಂಬ ಪತ್ರ ಹಿಡಿದ ಮಾನ್ವಿ ಕಡೆಯ, ಕಾಲುವೆಯ ಕೊನೆ ಭಾಗದ ರೈತ ಯಾರ ಬಾಗಿಲು ಬಡಿಯಬೇಕು? ಅಂಥ ಪತ್ರವನ್ನು ಅಧಿಕಾರಿಯ ಹುದ್ದೆ, ಕೆಲಸ ಮುಗಿಯುವ ತಾರೀಖು ಎರಡನ್ನೂ ಹಾಕಿ ಆಕ್ಟಿವ್‌ನಲ್ಲೇ ಬರೆಯಬೇಕು.